371ಜೆ ಹಾಕಿದರೆ ಎಸ್‌ಸಿ, ಎಸ್‌ಟಿ ಸೀಟು ಕೈತಪ್ಪುತ್ತದೆಯೇ?

ಸಿಇಟಿ ಸಮಯ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಒಂದು ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು: "371ಜೆ ಕ್ಲೇಮ್ ಮಾಡಿದರೆ ಜಾತಿ ಮೀಸಲಾತಿ ಹೋಗುತ್ತೆ, ಎರಡರಲ್ಲಿ ಒಂದೇ ಆರಿಸಿಕೊಳ್ಳಬೇಕು."

ಇದು ಸುಳ್ಳು. ಫಾರ್ವರ್ಡ್ ಮಾಡಬೇಡಿ.

371ಜೆ ಇರುವುದು ಪ್ರದೇಶಕ್ಕೆ, ಜಾತಿಗಲ್ಲ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಇಲ್ಲಿನವರಿಗೆ. ಆ ಸೀಟುಗಳ ಒಳಗೇ ಎಸ್‌ಸಿ, ಎಸ್‌ಟಿ ಪಾಲು ಇರುತ್ತದೆ. ನಂಬಿಕೆ ಬಾರದಿದ್ದರೆ ಕೆಇಎ ಕಟ್‌ಆಫ್ ಪಟ್ಟಿ ತೆರೆದು ನೋಡಿ: ಎಸ್‌ಸಿಎಚ್, ಎಸ್‌ಟಿಎಚ್ ಎಂಬ ಪ್ರತ್ಯೇಕ ಕಾಲಂಗಳೇ ಇವೆ. ಪಕ್ಕದಲ್ಲಿ 'ಕೆ' ಇದ್ದರೆ ಕನ್ನಡ ಮಾಧ್ಯಮ, 'ಆರ್' ಇದ್ದರೆ ಗ್ರಾಮೀಣ. ಅರ್ಹತೆ ಇರುವುದನ್ನೆಲ್ಲ ಅರ್ಜಿಯಲ್ಲೇ ಕೇಳಬೇಕು. ಸಹಾಯಕ ಆಯುಕ್ತರು ಕೊಡುವ 371ಜೆ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. 1997ರಲ್ಲಿ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿಗೆ ಮೊದಲು ಈ ಸೌಲಭ್ಯ ಇರಲಿಲ್ಲ. ಈಗ ಇದೆ. ಹಳೇ ಮೆಸೇಜ್ ನಂಬಿ ಸುಮ್ಮನಿರಬೇಡಿ.

"ಎಸ್‌ಸಿ, ಎಸ್‌ಟಿಯವರಿಗೆ ಮೀಸಲು ಸೀಟು ಮಾತ್ರ" ಎನ್ನುವುದೂ ತಪ್ಪು. ರ‍್ಯಾಂಕ್ ಚೆನ್ನಾಗಿದ್ದರೆ ಜನರಲ್ ಮೆರಿಟ್ ಸೀಟೇ ಸಿಗುತ್ತದೆ.

ಸೀಟು ಸಿಕ್ಕರೆ ಕೆಲಸ ಮುಗಿಯಿತೇ? ನಿಜವಾದ ಕಷ್ಟ ಶುರುವಾಗುವುದೇ ಆಮೇಲೆ. ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಮೊದಲ ಸಲ ಕಾಲೇಜು ಹತ್ತಿದ ಹುಡುಗಿಗೆ ಬೆಂಗಳೂರಿನ ಕ್ಲಾಸಿನಲ್ಲಿ ತನ್ನೂರಿನವರು, ತನ್ನವರು ಒಬ್ಬರೂ ಕಾಣುವುದಿಲ್ಲ. ಪಾಠ ಇಂಗ್ಲಿಷಿನಲ್ಲಿ. "ನಿನ್ನ ರ‍್ಯಾಂಕ್ ಎಷ್ಟು?" ಎಂಬ ಪ್ರಶ್ನೆ ಜಾತಿ ತಿಳಿಯಲು ಕೇಳುವ ಪ್ರಶ್ನೆಯೂ ಆಗಿರಬಹುದು. ದೆಹಲಿಯ ಏಮ್ಸ್‌ನಂಥ ಕಡೆಯೇ ದಲಿತ, ಆದಿವಾಸಿ ವಿದ್ಯಾರ್ಥಿಗಳನ್ನು ದೂರ ಇಡಲಾಗುತ್ತಿದೆ ಎಂದು 2007ರಲ್ಲಿ ಥೋರಟ್ ಸಮಿತಿ ವರದಿ ಕೊಟ್ಟಿತ್ತು. ಅಮೆರಿಕದಲ್ಲಿ ಬಿಳಿಯರೇ ತುಂಬಿದ ಕಾಲೇಜುಗಳಿಗೆ ಹೋದ ಕಪ್ಪು ವಿದ್ಯಾರ್ಥಿಗಳ ಅನುಭವವೂ ಇದಕ್ಕಿಂತ ಬಹಳ ಬೇರೆಯಲ್ಲ. ಇಂಥಲ್ಲಿ ಓದು ಬಿಟ್ಟವರನ್ನು 'ದಡ್ಡರು' ಎನ್ನುವುದು ಅನ್ಯಾಯ.

ಹಾಗಾದರೆ ಏನು ಮಾಡಬೇಕು? ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಒಳಗಿದ್ದರೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಗಳ ಹಾಸ್ಟೆಲ್‌ನಲ್ಲಿ ಊಟ, ವಸತಿ ಉಚಿತ. ಅದಕ್ಕೆ ಬೇರೆ ಅರ್ಜಿ. ಕಾಲೇಜಿನಲ್ಲಿ ಜಾತಿ ಎತ್ತಿ ಹೀಯಾಳಿಸಿದರೆ ಲಿಖಿತ ದೂರು ಕೊಡಿ: ಯುಜಿಸಿಯ 2012ರ ನಿಯಮದಂತೆ ಅಲ್ಲಿ ಸಮಾನ ಅವಕಾಶ ಕೋಶ, ತಾರತಮ್ಯ ತಡೆ ಅಧಿಕಾರಿ ಇರಲೇಬೇಕು. ಆ ಅಧಿಕಾರಿ ಯಾರೆಂದು ಅಡ್ಮಿಷನ್ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.