‘ಸಂಸ್ಕಾರ’ದಲ್ಲಿ ದೊಡ್ಡ ಪಾಪಿ ಯಾರು?

ಮಾವಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ ಮೊನ್ನೆ ಸಂಜೆ ಇಬ್ಬರು ವಿದ್ಯಾರ್ಥಿಗಳು ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಮುಂದಿಟ್ಟುಕೊಂಡು ವಾದಕ್ಕೆ ಕುಳಿತಿದ್ದರು. ನಾರಣಪ್ಪನೇ ಪಾಪಿಯೆಂದು ಒಬ್ಬನ ವಾದ, ಪ್ರಾಣೇಶಾಚಾರ್ಯರೆಂದು ಇನ್ನೊಬ್ಬನದು. “ಮೇಷ್ಟ್ರೇ, ನೀವೇ ಹೇಳಿ” ಎಂದು ಇಬ್ಬರೂ ನನ್ನತ್ತ ತಿರುಗಿದರು.

ನಾರಣಪ್ಪನ ಅಪರಾಧಗಳ ಪಟ್ಟಿ ದೊಡ್ಡದು. ಕೈಹಿಡಿದವಳನ್ನು ಬಿಟ್ಟ; ಚಂದ್ರಿಯನ್ನು ಮನೆಗೆ ತಂದ; ಮದ್ಯಮಾಂಸ ಸೇವಿಸಿದ; ಸಾಲಿಗ್ರಾಮವನ್ನು ಹೊಳೆಗೆ ಎಸೆದ. ಹೆಂಡತಿಗೆ ಮಾಡಿದ ಅನ್ಯಾಯವನ್ನು ನಾನು ಕ್ಷಮಿಸಲಾರೆ. ಉಳಿದುವು ಆಚಾರಕ್ಕೆ ಬಗೆದ ದ್ರೋಹಗಳು. ಅವನ್ನು ಅವನು ಎಲ್ಲರ ಕಣ್ಣೆದುರಿಗೇ ಮಾಡಿದ.

ಇನ್ನು ಆಚಾರ್ಯರು. ಕಾಡಿನ ಕತ್ತಲೆಯಲ್ಲಿ ಚಂದ್ರಿಯನ್ನು ಕೂಡಿದುದು ಬಳಲಿದ ಜೀವವೊಂದು ಜಾರಿದ ಗಳಿಗೆಯೆಂದೇ ನನಗೆ ತೋರುತ್ತದೆ. ಪಾಪವಿರುವುದು ಆಮೇಲೆ. ಅಗ್ರಹಾರವೆಲ್ಲ ತಮ್ಮ ಮಾತಿಗೆ ಕಾದಿದ್ದಾಗ ನಡೆದುದನ್ನು ಮುಚ್ಚಿಟ್ಟರು. ಹೆಂಡತಿ ತೀರಿದ ಸೂತಕದಲ್ಲಿಯೇ ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕುಳಿತರು. ಆದರೆ ಅವರ ಅಂತಃಸಾಕ್ಷಿ ಅವರನ್ನು ಬಿಡಲಿಲ್ಲ. ಕೊನೆಗೆ ದುರ್ವಾಸಪುರದ ಕಡೆಗೇ ಹೊರಟರು.

ಹಾಥಾರ್ನನ ‘ದಿ ಸ್ಕಾರ್ಲೆಟ್ ಲೆಟರ್’ (1850) ಓದಿದವರಿಗೆ ಇದು ಹೊಸದಲ್ಲ. ಅಲ್ಲಿ ಪಾದ್ರಿ ಡಿಮ್ಸ್‌ಡೇಲ್ ಪಾಪವನ್ನು ಬಚ್ಚಿಟ್ಟು ಒಳಗೇ ಬೆಂದ. ಅವನ ಎದೆಯನ್ನು ವರ್ಷಗಟ್ಟಲೆ ತಣ್ಣಗೆ ಕೆದಕಿದ ಚಿಲಿಂಗ್‌ವರ್ತನ ಪಾಪ ಅದಕ್ಕಿಂತ ಘೋರ.

ನಮ್ಮ ಕಾದಂಬರಿಯಲ್ಲಿ ಆ ತಣ್ಣನೆಯ ಪಾಪ ಯಾರದು? ಹೆಣ ಕೊಳೆಯುತ್ತಿದೆ. ಹೊತ್ತೊಯ್ಯಲು ಯಾರೂ ಒಲ್ಲರು. ಚಂದ್ರಿ ಚಿನ್ನವನ್ನು ಬಿಚ್ಚಿಟ್ಟೊಡನೆ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಮನೆಗಳಲ್ಲಿ ಧರ್ಮಶಾಸ್ತ್ರದ ಲೆಕ್ಕ ಬದಲಾಗುತ್ತದೆ. ಕಡೆಗೆ ಇರುಳಿನಲ್ಲಿ ಶವವನ್ನು ಸುಡಲು ಚಂದ್ರಿಗೆ ನೆರವಾದವನು ಒಬ್ಬ ಮುಸಲ್ಮಾನ. ದುರ್ವಾಸಪುರದ ಆ ಸಭ್ಯರು ಮಾತ್ರ ಆಚಾರವಂತರೆಂದೇ ಎನಿಸಿಕೊಂಡಿದ್ದರು! ಅವರೇ ದೊಡ್ಡ ಪಾಪಿಗಳೆಂದು ನನ್ನ ಅಭಿಪ್ರಾಯ.

ಇಷ್ಟು ಹೇಳಿ ಮುಗಿಸಬಹುದಾಗಿತ್ತು. ಆದರೆ ನಾಲಗೆ ತಡೆಯಿತು. ಬಹಳ ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ, ಬಂಧುಗಳನ್ನು ತೊರೆದು ಬಾಳಿದ ವೃದ್ಧರೊಬ್ಬರು ತೀರಿಕೊಂಡರು. ಕರ್ಮಕ್ಕೆ ಅಧಿಕಾರಿ ಯಾರೆಂಬ ಚರ್ಚೆ ಅವರ ಬಾಗಿಲಲ್ಲೇ ಮಧ್ಯಾಹ್ನದವರೆಗೂ ನಡೆಯಿತು. ನಾನೂ ಅಲ್ಲಿದ್ದೆ, ಶಾಸ್ತ್ರದ ಸೂಕ್ಷ್ಮವೊಂದನ್ನು ಎತ್ತಿ ಹೇಳಿ ಮೆಚ್ಚುಗೆಯನ್ನೂ ಪಡೆದೆ. ಕೊನೆಗೆ ಹೆಗಲು ಕೊಟ್ಟವರು ಸೌದೆ ಅಂಗಡಿಯ ಆಳುಗಳು.

ಹುಡುಗರಿಗೆ ಇದನ್ನೂ ಹೇಳಿದೆ. ವಾದ ಅಲ್ಲಿಗೇ ನಿಂತಿತು. ಕಾದಂಬರಿಯ ಪಾಪಗಳನ್ನು ತೂಗಹೊರಟವನಿಗೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ತಾನೂ ಕುಳಿತಿರುವುದು ಕಾಣಬೇಕು. ಅಂದು ನನಗೆ ಕಂಡಿತು.