ಜಕ್ಕೂರಿನ ಬಟ್ಟೆರೆಕ್ಕೆ

ಬೆಳಿಗ್ಗೆ ಆರೂಕಾಲು. ಬೆಂಗಳೂರಿನ ಜಕ್ಕೂರು ಏರೋಡ್ರೋಮಿನ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಆಚೆ ಬಳ್ಳಾರಿ ರಸ್ತೆಯ ಮೇಲ್ಸೇತುವೆಯಲ್ಲಿ ಟ್ಯಾಕ್ಸಿಗಳು ದೇವನಹಳ್ಳಿಯ ಕಡೆಗೆ ಓಡುತ್ತಿವೆ. ಈಚೆ ಇಬ್ಬರು ಹುಡುಗರು ಹ್ಯಾಂಗರಿನ ಬಾಗಿಲು ಸರಿಸಿ, ಒಂದು ವಿಮಾನವನ್ನು ಕೈಯಲ್ಲೇ ತಳ್ಳಿಕೊಂಡು ಹೊರಗೆ ತಂದರು. ಸೊಪ್ಪಿನ ಗಾಡಿ ತಳ್ಳಿದಷ್ಟೇ ಸಲೀಸಾಗಿ!

ಎರಡು ಸೀಟಿನ ಮೈಕ್ರೋಲೈಟ್ ಅದು, ಅಲ್ಟ್ರಾಲೈಟ್ ಎಂದೂ ಕರೆಯುತ್ತಾರೆ. ಅಲ್ಯೂಮಿನಿಯಂ ಕೊಳವೆಗಳ ಅಸ್ಥಿಪಂಜರ, ಅದರ ಮೇಲೆ ಬಿಗಿದ ಡೇಕ್ರಾನ್ ಬಟ್ಟೆ. ಹಾಯಿದೋಣಿಗೆ ಹಾಯಿ ಹೊಲಿಯುವ ಬಟ್ಟೆಯೇ. ರೆಕ್ಕೆಯನ್ನು ಬೆರಳಿಂದ ತಟ್ಟಿದೆ. ಬೆಂಕಿಗೆ ಕಾಸಿದ ತಮಟೆಯಂತೆ ಟಣ್ಣೆಂದಿತು. ಇಬ್ಬರು ಕೂತು, ಪೆಟ್ರೋಲು ತುಂಬಿ, ಎಲ್ಲ ಸೇರಿದರೂ 450 ಕೆ.ಜಿ. ಮೀರುವಂತಿಲ್ಲ. ಖಾಲಿ ಮಾರುತಿ 800 ಕಾರು ಇದಕ್ಕಿಂತ ಭಾರ.

ಈ ಬಗೆಯ ವಿಮಾನಕ್ಕೂ ಬೆಂಗಳೂರಿಗೂ ಹಳೆಯ ನಂಟು. ಫ್ರಾನ್ಸಿನಿಂದ ಬಂದು ಇಲ್ಲೇ ನೆಲೆಯೂರಿದ ಜೋಯಲ್ ಕೊಕ್ಲಾಂ ಅವರು ಕಟ್ಟಿದ ರಾಜಹಂಸ ಅಲ್ಟ್ರಾಲೈಟ್ಸ್ ಕಂಪನಿಯ ಎಕ್ಸ್-ಏರ್ ವಿಮಾನಗಳು ನಮ್ಮೂರಿನಿಂದ ಯುರೋಪಿಗೆ ಹೋಗಿ ಹಾರಿವೆ. ಜಕ್ಕೂರಿನ ಈ ಮೈದಾನವೂ ಮೈಸೂರು ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರು ಹಾರಾಟ ಕಲಿಯುವವರಿಗೆಂದೇ ಕೊಟ್ಟ ನೆಲ.

ಹತ್ತಿ ಕೂರೋಣವೆಂದು ಮುಂದಾದವನನ್ನು ತರಬೇತುದಾರರು ತಡೆದರು. "ಸ್ವಲ್ಪ ತಡೀರಿ ಸರ್. ಮೊದಲು ಒಂದು ಸುತ್ತು ಬರೋಣ."

ಆ ಒಂದು ಸುತ್ತಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಪ್ರತಿ ಬೋಲ್ಟಿನ ತುದಿಯಲ್ಲಿರುವ ಪಿನ್ನನ್ನು ಅವರು ಮುಟ್ಟಿ ನೋಡಿದರು, ಬರೀ ಕಣ್ಣಿನಲ್ಲಿ ನೋಡಿ ಬಿಡಲಿಲ್ಲ. ಬಾಲದ ಕೀಲುಗಳನ್ನು ಮೇಲೆ ಕೆಳಗೆ ಆಡಿಸಿದರು. ಬಟ್ಟೆಯ ಹೊಲಿಗೆಯ ಮೇಲೆ ಬೆರಳಾಡಿಸುತ್ತ ರೆಕ್ಕೆಯ ಉದ್ದಕ್ಕೂ ನಡೆದರು. ಆಮೇಲೆ ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಲೋಟಕ್ಕೆ ಹಿಡಿದು ಬೆಳಕಿಗೆ ಎತ್ತಿದರು. ಅರ್ಧ ಖಾಲಿಯಿರುವ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ನೀರಿನ ಹನಿ ಕಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಎಂಜಿನ್ನಿಗೆ ಮೊದಲು ಸೇರುವುದು ಅದೇ. ಲೋಟದ ತಳ ತಿಳಿಯಾಗಿತ್ತು.

ಎಂಜಿನ್ ಟೂ-ಸ್ಟ್ರೋಕ್ ರೋಟ್ಯಾಕ್ಸ್, ಸುಮಾರು 65 ಅಶ್ವಶಕ್ತಿಯದು. ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್. ಸ್ಟಾರ್ಟ್ ಆಗುತ್ತಿದ್ದಂತೆ ಬಂದ ಹೊಗೆಯ ವಾಸನೆಗೆ ಎಪ್ಪತ್ತರ ದಶಕದ ಯೆಜ್ಡಿ, ಲೂನಾಗಳೆಲ್ಲ ನೆನಪಾದವು.

ಗಾಳಿಚೀಲ ನೋಡಿ, ಗಾಳಿಗೆ ಎದುರಾಗಿ ನಿಂತು, ಟವರಿನ ಅಪ್ಪಣೆ ಪಡೆದು ಓಡಿದೆವು. ನೂರಾರು ಮೀಟರ್ ಓಡಬೇಕೆಂದುಕೊಂಡಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಚಕ್ರದ ಗಡಗಡ ನಿಂತಿತ್ತು. ಕೆಳಗೆ ಜಕ್ಕೂರು ಕೆರೆ, ಅದರಾಚೆ ರಾಚೇನಹಳ್ಳಿ ಕೆರೆ. ಕಾಂಕ್ರೀಟಿನ ನಡುವೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಹಸಿರು. ಉತ್ತರಕ್ಕೆ ನಂದಿಬೆಟ್ಟ ಮಂಜಿನಲ್ಲಿ ತಲೆ ಎತ್ತಿತ್ತು. ಜೆಟ್ ವಿಮಾನದ ಕಿಟಕಿಯಲ್ಲಿ ಈ ಊರನ್ನು ಎಷ್ಟೋ ಸಲ ನೋಡಿದ್ದೇನೆ. ಕೆರೆಯ ಏರಿಯ ಮೇಲೆ ನಡೆಯುವ ಮನುಷ್ಯನ ನೆರಳು ಕಂಡದ್ದು ಇದೇ ಮೊದಲು.

"ಈಗ ಸ್ಟಿಕ್ ನಿಮ್ಮದು. ಪಳಗಿದ ಎತ್ತಿನ ಹಗ್ಗ ಹಿಡಿದ ಹಾಗೆ ಹಿಡೀರಿ, ಜಗ್ಗಬೇಡಿ" ಎಂದರು. ಎರಡು ಬೆರಳಿನ ಒತ್ತಡಕ್ಕೆ ರೆಕ್ಕೆ ವಾಲಿತು. ಮೈ ಜುಮ್ಮೆಂದಿತು.

ಎಲ್ಲರೂ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ: ಎಂಜಿನ್ ನಿಂತರೆ? ಉತ್ತರವಾಗಿ ಅವರು ಥ್ರಾಟಲ್ ಪೂರ್ತಿ ತಗ್ಗಿಸಿ, ಮೂಗನ್ನು ತುಸು ಕೆಳಗಿಳಿಸಿದರು. ವಿಮಾನ ಬೀಳಲಿಲ್ಲ, ಹದ್ದಿನ ಹಾಗೆ ತೇಲುತ್ತ ನಿಧಾನವಾಗಿ ಇಳಿಯತೊಡಗಿತು. ಕಲಿಯುವವನಿಗೆ ಇಳಿಯಲು ತಕ್ಕ ಬಯಲನ್ನು ಸದಾ ಕಣ್ಣಲ್ಲಿ ಇಟ್ಟುಕೊಳ್ಳುವುದನ್ನು ಮೊದಲು ಅಭ್ಯಾಸ ಮಾಡಿಸುತ್ತಾರಂತೆ. ಮಧ್ಯಾಹ್ನ ಹಾರುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರ, ಗಾಳಿ ಮೊದಲೇ ತೆಳು. ಬಿಸಿಲೇರಿದರೆ ಇನ್ನೂ ತೆಳುವಾಗಿ ರೆಕ್ಕೆ, ಎಂಜಿನ್ ಎರಡೂ ಸೊರಗುತ್ತವೆ. ನೆಲದಿಂದೇಳುವ ಬಿಸಿಗಾಳಿಗೆ ಇಷ್ಟು ಹಗುರದ ವಿಮಾನ ಎತ್ತೆತ್ತಲೋ ಕುಲುಕುತ್ತದೆ.

ಇದು ಶೋಕಿಗೆ ಮಾತ್ರ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 1988ರಲ್ಲಿ ಉದ್ಯಮಿ ವಿಜಯಪತ್ ಸಿಂಘಾನಿಯಾ ಇಂಥದೊಂದು ಮೈಕ್ರೋಲೈಟಿನಲ್ಲಿ ಒಬ್ಬರೇ ಲಂಡನ್ನಿನಿಂದ ಅಹಮದಾಬಾದಿಗೆ ಬಂದಿಳಿದರು. ಅಮೆರಿಕದಲ್ಲಿ ಹೂಪಿಂಗ್ ಕ್ರೇನ್ ಎಂಬ ಬಿಳಿ ಕೊಕ್ಕರೆಗಳ ಸಂತತಿ ಅಳಿವಿನಂಚಿಗೆ ಬಂದಾಗ, ಸಾಕಿ ಬೆಳೆಸಿದ ಮರಿಗಳಿಗೆ ವಲಸೆಯ ದಾರಿ ತೋರಿಸಲು ತಾಯಿಯೇ ಇರಲಿಲ್ಲ. 2001ರಲ್ಲಿ ಬಿಳಿ ನಿಲುವಂಗಿ ತೊಟ್ಟ ಪೈಲಟ್‌ಗಳು ಅಲ್ಟ್ರಾಲೈಟ್‌ಗಳಲ್ಲಿ ಮುಂದೆ ಹಾರಿ, ಆ ಮರಿಗಳನ್ನು ವಿಸ್ಕಾನ್ಸಿನ್‌ನಿಂದ ಫ್ಲಾರಿಡಾದವರೆಗೆ ಕರೆದೊಯ್ದರು. ಮರಿಗಳ ವೇಗಕ್ಕೆ ಹೊಂದಿಕೊಂಡು ಹಾರಬಲ್ಲ ವಿಮಾನ ಇದು.

ನಮ್ಮಲ್ಲಿ ಎನ್‌ಸಿಸಿಯ ವಾಯುವಿಭಾಗದ ಕೆಡೆಟ್‌ಗಳಿಗೆ ಮೊದಲ ಹಾರಾಟ ಸಿಗುವುದೂ ಮೈಕ್ರೋಲೈಟಿನಲ್ಲೇ. ಜಕ್ಕೂರಿನಲ್ಲೇ ಅದರ ಸ್ಕ್ವಾಡ್ರನ್ ಇದೆ. ಮನೆಯಲ್ಲಿ ಆಕಾಶ ನೋಡುತ್ತ ನಿಲ್ಲುವ ಮಗನೋ ಮಗಳೋ ಇದ್ದರೆ ದಯವಿಟ್ಟು ಶಾಲೆಯಲ್ಲೋ ಕಾಲೇಜಿನಲ್ಲೋ ವಿಚಾರಿಸಿ, ಆ ವಿಭಾಗಕ್ಕೆ ಸೇರಿಸಿ. ಹದಿನಾರು ತುಂಬಿದ ಮೇಲೆ ಮೆಡಿಕಲ್ ಪರೀಕ್ಷೆ ಮಾಡಿಸಿ, ವಿದ್ಯಾರ್ಥಿ ಪೈಲಟ್ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ದೊಡ್ಡವರು ಒಮ್ಮೆ ಹಾರಿ ನೋಡಲು ಹೋಗುವುದಾದರೆ ಬೆಳಕು ಹರಿಯುವ ಮೊದಲೇ ಅಲ್ಲಿರಿ. ಆ ಇಪ್ಪತ್ತು ನಿಮಿಷದ ತಪಾಸಣೆಯಲ್ಲಿ ಜೊತೆಗೆ ನಡೆಯಿರಿ, ಲೋಟದ ಪೆಟ್ರೋಲನ್ನು ನೀವೂ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಹತ್ತಿ.