ವೆಬ್‌ಸೈಟಿನ ಸ್ಥಳಾಂತರ: ವರ್ತಕರು ಗಮನಿಸಬೇಕಾದ ಅಂಶಗಳು

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾಯಿತು. ಬ್ಯಾಕಪ್ ಪ್ರತಿಯನ್ನು ಬೇರೆಡೆ ಇರಿಸಿದ್ದ ಗ್ರಾಹಕರು ಚೇತರಿಸಿಕೊಂಡರು. ಇರಿಸದಿದ್ದ ಅನೇಕರು ತಮ್ಮ ಮಾಹಿತಿಯನ್ನು ಶಾಶ್ವತವಾಗಿ ಕಳೆದುಕೊಂಡರು. ಕ್ಲೌಡ್ ಸೇವೆಗೆ ವೆಬ್‌ಸೈಟನ್ನು ವರ್ಗಾಯಿಸಲು ಹೊರಟ ಉದ್ಯಮಿಗಳಿಗೆ ಇದೊಂದು ಪಾಠ.

ಸ್ವಂತ ಸರ್ವರ್ ಕೊಂಡರೆ ಅದು ಬಂಡವಾಳ ವೆಚ್ಚ. ವರ್ಷವರ್ಷವೂ ಸವಕಳಿ ಮಾತ್ರ ದೊರೆಯುತ್ತದೆ. ಕ್ಲೌಡ್ ಬಾಡಿಗೆಯಾದರೋ ಆಯಾ ವರ್ಷದ ರೆವಿನ್ಯೂ ವೆಚ್ಚ. ಆದರೆ ಬಳಕೆ ಹೆಚ್ಚಿದಂತೆ ಬಿಲ್ಲೂ ಏರುವುದರಿಂದ, ಮಾಸಿಕ ಮಿತಿ ದಾಟಿದೊಡನೆ ಎಚ್ಚರಿಕೆ ಬರುವಂತೆ ಮೊದಲೇ ಏರ್ಪಡಿಸುವುದು ಕ್ಷೇಮ. ಹೊರದೇಶದ ಸಂಸ್ಥೆಯೇ ನೇರವಾಗಿ ಬಿಲ್ ನೀಡಿದಲ್ಲಿ, ಜಿಎಸ್‌ಟಿ ನೋಂದಾಯಿತ ವರ್ತಕರು ರಿವರ್ಸ್ ಚಾರ್ಜ್ ಪ್ರಕಾರ ತೆರಿಗೆಯನ್ನು ತಾವೇ ನಗದಾಗಿ ಪಾವತಿಸಿ, ಅರ್ಹರಿದ್ದರೆ ಇನ್‌ಪುಟ್ ಕ್ರೆಡಿಟ್ ಪಡೆಯಬೇಕು.

ವೆಬ್‌ಸೈಟಿನೊಡನೆ ಲೆಕ್ಕಪತ್ರಗಳೂ ಕ್ಲೌಡಿಗೆ ಹೋಗುವುದಾದರೆ ಇನ್ನೊಂದು ಹೊಣೆಯಿದೆ. ಕಂಪನಿಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿಯನ್ನು ಭಾರತದಲ್ಲಿಯೇ ಇರುವ ಸರ್ವರಿನಲ್ಲಿ ದಿನವಹಿ ಇರಿಸುವುದು 2022ರ ತಿದ್ದುಪಡಿಯಂತೆ ಕಡ್ಡಾಯ.

ವರ್ಗಾವಣೆಗೆ ಮುನ್ನ ಡೊಮೇನ್ ಹೆಸರು ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿದೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು. ವೆಬ್‌ಸೈಟ್ ಸಿದ್ಧಪಡಿಸಿದವರ ಹೆಸರಿನಲ್ಲಿದ್ದರೆ ಮುಂದೆ ತಕರಾರು ತಪ್ಪದು. ಇಮೇಲ್ ವಿಳಾಸಗಳ ದಾಖಲೆ ವರ್ಗಾವಣೆಯಲ್ಲಿ ಬಿಟ್ಟುಹೋದರೆ, ವೆಬ್‌ಸೈಟ್ ಸರಿಯಾಗಿ ಕಾಣುತ್ತಿದ್ದರೂ ಗಿರಾಕಿಗಳ ಆರ್ಡರುಗಳು ತಲುಪುವುದಿಲ್ಲ. ಎಲ್ಲವೂ ಸುಗಮವಾಗಿ ನಡೆಯುವವರೆಗೆ ಹಳೆಯ ಹೋಸ್ಟಿಂಗ್ ಕರಾರನ್ನು ರದ್ದುಪಡಿಸಬಾರದು.

ಬ್ಯಾಕಪ್ ಎಲ್ಲಿದೆ, ಅದರಿಂದ ವೆಬ್‌ಸೈಟನ್ನು ಮರುಸ್ಥಾಪಿಸಿ ನೋಡಿದ್ದು ಯಾವಾಗ? ಈ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಉಳಿತಾಯವು ನಿಜವಾದ ಉಳಿತಾಯವಲ್ಲ.